ಚಪ್ಪಲಿ ಕಾಯುತ್ತಿದ್ದ ಹುಡುಗ ಮತ್ತು ಮಾಲತಿ ಹೊಳ್ಳ

ನಾವು ಮದ್ರಸದಲ್ಲಿ ಕಲಿಯುತ್ತಿದ್ದ ಕಾಲ. ಅಸರ್ ನಮಾಝ್ ಮುಗಿದರೆ ಮಗ್ರಿಬ್‌ವರೆಗಿನ ಹೊತ್ತು ನಮ್ಮದು. ಹಿಂದಿನ ಬಯಲಿನಲ್ಲಿ ಮೂರು ಕಲ್ಲು ನಿಲ್ಲಿಸಿ ಕ್ರಿಕೆಟ್ ಆಡುತ್ತಿದ್ದೆವು. ಮಳೆಗಾಲದಲ್ಲಿ ಕಬಡ್ಡಿ. ನಮ್ಮ ತರಗತಿಯಲ್ಲಿ ಪೋಲಿಯೊದಿಂದ ಒಂದು ಕಾಲು ಬತ್ತಿಹೋದ ಹುಡುಗನಿದ್ದ. ಪಾಠದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದ. ಬಯಲಿಗೆ ಆತನೂ ಬರುತ್ತಿದ್ದ. ಬಂದವನು ಬೇವಿನ ಮರದ ಬುಡದಲ್ಲಿ ಕೂರುತ್ತಿದ್ದ. ನಾವು ಇಪ್ಪತ್ತು ಮಂದಿ ನಮ್ಮ ಚಪ್ಪಲಿಗಳನ್ನೂ ಟೋಪಿಗಳನ್ನೂ ಆತನ ಮುಂದೆ ಬಿಟ್ಟು ಓಡುತ್ತಿದ್ದೆವು. ರನ್ನುಗಳ ಲೆಕ್ಕವನ್ನೂ ಆತನೇ ಇಡುತ್ತಿದ್ದ. ಐದು ವರ್ಷಗಳ ಕಾಲ ಇದು ನಡೆಯಿತು. ಈ ಐದು ವರ್ಷಗಳಲ್ಲಿ ನಮ್ಮಲ್ಲಿ ಯಾರೊಬ್ಬರೂ ಆತನ ಕೈಗೆ ಒಮ್ಮೆಯೂ ಚೆಂಡು ಕೊಡಲಿಲ್ಲ.

ಇದರಲ್ಲಿ ದ್ವೇಷವೇನೂ ಇರಲಿಲ್ಲ. ನಾವು ಆತನನ್ನು ಪ್ರೀತಿಸುತ್ತಿದ್ದೆವು. ಊಟದ ಸಾಲಿನಲ್ಲಿ ಮೊದಲ ತಟ್ಟೆ ಆತನಿಗೇ ಸಿಗುತ್ತಿತ್ತು. ಈದ್‌ಗೆ ಊರಿಗೆ ಹೋಗುವಾಗ ಆತನ ಚೀಲವನ್ನು ಬಸ್ ನಿಲ್ದಾಣದವರೆಗೆ ನಾವೇ ಹೊರುತ್ತಿದ್ದೆವು. ಕಣ್ಣು ಕಾಣದ ಸಹಾಬಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್‌ರಿಗೆ ಪ್ರವಾದಿಯವರು(ಸ) ತಮ್ಮ ಅನುಪಸ್ಥಿತಿಯಲ್ಲಿ ಮದೀನದ ಹೊಣೆಯನ್ನೇ ವಹಿಸಿದ್ದರೆಂಬ ಪಾಠವನ್ನು ನಾವು ಬೆಳಗ್ಗೆ ಓದುತ್ತಿದ್ದೆವು. ಸಂಜೆ ನಮ್ಮ ಚಪ್ಪಲಿಗಳನ್ನು ಆತನಿಗೆ ವಹಿಸುತ್ತಿದ್ದೆವು. ಎರಡರ ನಡುವೆ ಯಾವ ಅಂತರವಿದೆಯೆಂಬುದು ಆಗ ಹೊಳೆಯಲಿಲ್ಲ. ಹೊಳೆದದ್ದು ಬಹಳ ತಡವಾಗಿ, ಕಾಲೇಜಿನ ವಾಚನಾಲಯದಲ್ಲಿ ಮಾಲತಿ ಕೃಷ್ಣಮೂರ್ತಿ ಹೊಳ್ಳರ ಬದುಕಿನ ಕುರಿತು ಓದಿದಾಗ.

ಮಾಲತಿ ಹೊಳ್ಳರ ಹೆಸರನ್ನು ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಬರುವುದು ಇಷ್ಟೇ. ಆದರೆ ಅವರು ಏನನ್ನು ಗೆದ್ದರು, ಎಲ್ಲಿಂದ ಎದ್ದು ಬಂದರು ಎಂಬುದು ಈ ಎರಡು ಇಸವಿಗಳಲ್ಲಿ ಕಾಣುವುದಿಲ್ಲ.

ಅವರು 1958ರ ಜುಲೈ 6ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಸಣ್ಣದೊಂದು ಹೋಟೆಲ್ ನಡೆಸುತ್ತಿದ್ದರು. ಮಗುವಿಗೆ ಹದಿನಾಲ್ಕು ತಿಂಗಳಾಗಿದ್ದಾಗ ಜ್ವರ ಬಂತು. ಜ್ವರ ಇಳಿದಾಗ ಇಡೀ ದೇಹ ನಿಶ್ಚಲವಾಗಿತ್ತು. ಪೋಲಿಯೊ. ಕುತ್ತಿಗೆಯಿಂದ ಕೆಳಗೆ ಏನೂ ಅಲುಗದ ಆ ಮಗುವಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ವಿದ್ಯುತ್ ಶಾಕ್ ಚಿಕಿತ್ಸೆ ನೀಡಲಾಯಿತು. ಅದರಿಂದ ದೇಹದ ಮೇಲ್ಭಾಗಕ್ಕೆ, ಅಂದರೆ ಭುಜ ಮತ್ತು ತೋಳುಗಳಿಗೆ, ಶಕ್ತಿ ಮರಳಿತು. ಸೊಂಟದಿಂದ ಕೆಳಗಿನ ಭಾಗ ಮರಳಲಿಲ್ಲ. ಆ ಬಳಿಕ ಶಸ್ತ್ರಚಿಕಿತ್ಸೆಗಳ ಸರಣಿ ಆರಂಭವಾಯಿತು. ಅವುಗಳ ಸಂಖ್ಯೆ ಮೂವತ್ತನ್ನು ಮೀರುತ್ತದೆ. ಒಂದು ಶಸ್ತ್ರಚಿಕಿತ್ಸೆಯಾದರೆ ಆರು ತಿಂಗಳು ಮನೆಯೇ ತಲೆಕೆಳಗಾಗುವುದನ್ನು ಕಂಡವರು ನಾವು. ಮೂವತ್ತು ಎಂದರೆ ಏನೆಂದು ಊಹಿಸಿಕೊಳ್ಳಿರಿ.

ಬಾಲ್ಯದ ಹದಿನೈದು ವರ್ಷಗಳನ್ನು ಅವರು ಕಳೆದದ್ದು ಚೆನ್ನೈಯ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ. ಅಲ್ಲಿಯೇ ವಾಸ, ಅಲ್ಲಿಯೇ ಚಿಕಿತ್ಸೆ, ಅಲ್ಲಿಯೇ ಓದು. ಮಗಳನ್ನು ಅಷ್ಟು ದೂರ ಬಿಟ್ಟು ಬಂದ ತಂದೆ-ತಾಯಿಯ ಬಗ್ಗೆ ನಾವು ಹಲವು ಬಾರಿ ಯೋಚಿಸಿದ್ದೇವೆ. ಕಠಿಣ ಹೃದಯದವರೆಂದು ಯಾರಾದರೂ ಅಂದಿರಬಹುದು, ನೆರೆಹೊರೆ ಸುಮ್ಮನಿರುವುದುಂಟೇ? ಆದರೆ ಅಲ್ಲಿ ಮಾಲತಿ ಒಂಟಿಯಾಗಿರಲಿಲ್ಲ. ಅವರಂತೆಯೇ ಕಾಲಿಲ್ಲದ, ಕೈಯಿಲ್ಲದ ಮಕ್ಕಳು ಸುತ್ತಲೂ ಇದ್ದರು. ಎಲ್ಲರೂ ಹಾಗೆಯೇ ಇರುವಲ್ಲಿ ಒಬ್ಬನನ್ನು ಮರದ ಬುಡದಲ್ಲಿ ಕೂರಿಸಿ ಚಪ್ಪಲಿ ಕಾಯಿಸಲಾಗುವುದಿಲ್ಲ. ಅಲ್ಲಿ ಆಟವಾಡಬೇಕಾದರೆ ಇವರೇ ಆಡಬೇಕು. ನಮ್ಮ ದೃಷ್ಟಿಯಲ್ಲಿ ಅವರ ಬದುಕಿನ ಗುಟ್ಟು ಇಲ್ಲಿದೆ. ಶಸ್ತ್ರಚಿಕಿತ್ಸೆಗಳು ಅವರನ್ನು ಕುಳ್ಳಿರಿಸಿದವು. ಆಟಕ್ಕೆ ಕರೆತಂದದ್ದು ಆ ಪರಿಸರ.

ಬೆಂಗಳೂರಿಗೆ ಮರಳಿ, ಕಾಲೇಜು ಸೇರಿ, ಮುಂದೆ ಸಿಂಡಿಕೇಟ್ ಬ್ಯಾಂಕಿನಲ್ಲಿ ಉದ್ಯೋಗ ಹಿಡಿದು ವ್ಯವಸ್ಥಾಪಕಿಯ ಹುದ್ದೆಗೇರಿದರು. (ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು.) ಜೊತೆಜೊತೆಗೆ ಮೈದಾನಕ್ಕಿಳಿದರು. ಒಂದೇ ಆಟದಲ್ಲಿ ಅಲ್ಲ. ಗಾಲಿಕುರ್ಚಿಯ ಓಟ, ಗುಂಡೆಸೆತ, ಚಕ್ರ ಎಸೆತ, ಭರ್ಜಿ ಎಸೆತ. 1988ರಲ್ಲಿ ಸಿಯೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು. ಮರುವರ್ಷ ಡೆನ್ಮಾರ್ಕ್‌ನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕೂಟದಲ್ಲಿ 200 ಮೀಟರ್ ಗಾಲಿಕುರ್ಚಿ ಓಟದಲ್ಲಿ ಚಿನ್ನ, ಗುಂಡೆಸೆತದಲ್ಲಿ ಚಿನ್ನ, ಚಕ್ರ ಎಸೆತದಲ್ಲಿ ಚಿನ್ನ, ಭರ್ಜಿಯಲ್ಲೂ ಚಿನ್ನ. ಬಾರ್ಸಿಲೋನಾ, ಅಥೆನ್ಸ್, ಏಷ್ಯನ್ ಮತ್ತು ಕಾಮನ್‌ವೆಲ್ತ್ ಕೂಟಗಳು ಆ ಮೇಲೆ ಬಂದವು. ದೇಶ ವಿದೇಶಗಳಲ್ಲಿ ಗೆದ್ದ ಪದಕಗಳು ಮುನ್ನೂರನ್ನು ಮೀರುತ್ತವೆ. 2009ರಲ್ಲಿ, ಐವತ್ತೊಂದನೇ ವಯಸ್ಸಿನಲ್ಲಿ, ಅವರ ಜೀವನ ಚರಿತ್ರೆ ಪ್ರಕಟವಾದಾಗಲೂ ಅವರು ಆಟ ನಿಲ್ಲಿಸಿದವರಾಗಿರಲಿಲ್ಲ.

ಕುಳಿತು ಎಸೆಯುವುದೆಂದರೆ ಸುಲಭವೆಂದು ಭಾವಿಸುವವರಿದ್ದಾರೆ. ಒಂದು ಸಂಜೆ ಕುರ್ಚಿಯಲ್ಲಿ ಕುಳಿತು, ಪಾದಗಳನ್ನು ನೆಲದಿಂದ ಎತ್ತಿ, ಒಂದು ಕಲ್ಲನ್ನು ಎಸೆದು ನೋಡಿರಿ. ನಿಂತು ಎಸೆಯುವವನ ಬಲ ಹುಟ್ಟುವುದು ತೋಳಿನಲ್ಲಿ ಅಲ್ಲ, ಪಾದದಲ್ಲಿ. ನೆಲವನ್ನು ಒತ್ತಿದ ಬಲ ತೊಡೆ, ಸೊಂಟ, ಬೆನ್ನು ಹಾದು ಕೊನೆಯಲ್ಲಿ ಬೆರಳಿಗೆ ತಲುಪುತ್ತದೆ. ಸೊಂಟದಿಂದ ಕೆಳಗೆ ಶಕ್ತಿಯಿಲ್ಲದವರಿಗೆ ಆ ದಾರಿಯ ಅರ್ಧಭಾಗ ಮುಚ್ಚಿರುತ್ತದೆ. ಅದಕ್ಕಾಗಿ ಎಸೆಯುವ ಚೌಕಟ್ಟನ್ನು ಸರಪಳಿ ಪಟ್ಟಿಗಳಿಂದ ನೆಲಕ್ಕೆ ಬಿಗಿಯುತ್ತಾರೆ. ಆಟಗಾರ್ತಿಯನ್ನು ಚೌಕಟ್ಟಿಗೆ ಬಿಗಿಯುತ್ತಾರೆ. ಎಸೆದು ಮುಗಿಯುವವರೆಗೆ ಆಸನದಿಂದ ಮೇಲೇಳುವಂತಿಲ್ಲ. ಉಳಿದದ್ದೆಲ್ಲ ಭುಜ, ಬೆನ್ನು ಮತ್ತು ಮಣಿಕಟ್ಟು. ಗುಂಡಿಗೆ ಬೇಕಾದದ್ದು ತಳ್ಳುವ ಬಲ, ಚಕ್ರಕ್ಕೆ ಬೇಕಾದದ್ದು ತಿರುಚುವ ಬಲ, ಭರ್ಜಿಗೆ ಬೇಕಾದದ್ದು ಚಾಟಿಯಂಥ ವೇಗ. ಮರುದಿನ ಅದೇ ಭುಜಗಳಿಂದ ಗಾಲಿಗಳನ್ನು ತಳ್ಳಿ 200 ಮೀಟರ್ ಓಡಬೇಕು. ನಾಲ್ಕರಲ್ಲಿ ನಾಲ್ಕು ಚಿನ್ನವೆಂದರೆ ನಾಲ್ಕು ಬೇರೆ ಬೇರೆ ವಿದ್ಯೆಗಳು.

ಇಷ್ಟಕ್ಕೂ ಒಬ್ಬ ವ್ಯಕ್ತಿ ಇಷ್ಟೊಂದು ಆಟಗಳಿಗೆ ಕೈಹಾಕುವುದೇಕೆ? ಕಾಲು ಗಟ್ಟಿಯಿರುವ ಹುಡುಗನಿಗೆ ಊರು ತಾನಾಗಿಯೇ ಒಂದು ಆಟ ಕೊಡುತ್ತದೆ. ಗರಡಿಯಿದ್ದರೆ ಕುಸ್ತಿ, ಬಯಲಿದ್ದರೆ ಕ್ರಿಕೆಟ್, ವಿಜಯಪುರ-ಬಾಗಲಕೋಟೆಯ ಕಡೆ ಹುಟ್ಟಿದರೆ ಸೈಕಲ್. ಅಂಗವಿಕಲ ಮಗುವಿಗೆ ಯಾರೂ ಏನನ್ನೂ ಕೊಡುವುದಿಲ್ಲ. ಅದು ಒಂದೊಂದೇ ಬಾಗಿಲು ತಟ್ಟಿ, ತನ್ನಲ್ಲಿ ಉಳಿದಿರುವ ಅಂಗಕ್ಕೆ ಯಾವುದು ಒಗ್ಗುತ್ತದೆಂದು ತಾನೇ ಹುಡುಕಬೇಕು. ಹಾಗೆ ಹುಡುಕುತ್ತಾ ಹೋದವರು ಕೆಲವೊಮ್ಮೆ ಎಲ್ಲದರಲ್ಲೂ ಗೆದ್ದುಬಿಡುತ್ತಾರೆ. ನಮ್ಮದೇ ರಾಜ್ಯದ ಕೆ. ವೈ. ವೆಂಕಟೇಶ್‌ರನ್ನು ನೋಡಿರಿ. ಹುಟ್ಟಿನಿಂದ ಕುಳ್ಳ ದೇಹದವರು. ಎಸೆತದ ಸ್ಪರ್ಧೆಗಳಲ್ಲೂ ಬ್ಯಾಡ್ಮಿಂಟನ್‌ನಲ್ಲೂ ದೇಶಕ್ಕೆ ಪದಕ ತಂದವರು. 2021ರ ನವೆಂಬರ್‌ನಲ್ಲಿ ಅವರಿಗೆ ಪದ್ಮಶ್ರೀ ನೀಡಲು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ವೇದಿಕೆಯಿಂದ ಕೆಳಗಿಳಿದು ಬಂದರು. ಆ ದೃಶ್ಯವನ್ನು ದೇಶವೇ ಮೆಚ್ಚಿತು. ಮೆಟ್ಟಿಲಿಲ್ಲದ ವೇದಿಕೆಯನ್ನು ಯಾರಾದರೂ ಕಟ್ಟಬಹುದಿತ್ತಲ್ಲವೇ ಎಂದು ಕೇಳಿದವರು ಕಡಿಮೆ.

ಆಟವನ್ನು ಚಿಕಿತ್ಸೆಯೆಂದು ಮೊದಲು ಕಂಡವರು ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯ. ನಾಝಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಬ್ರಿಟನ್ನಿಗೆ ಬಂದ ಯಹೂದಿ. ಬೆನ್ನುಹುರಿ ಮುರಿದ ಸೈನಿಕರನ್ನು ಹಾಸಿಗೆಯಲ್ಲಿ ಮಲಗಿಸಿ ಸಾವಿಗೆ ಕಾಯುವುದೇ ಅಂದಿನ ಪದ್ಧತಿಯಾಗಿತ್ತು. ಇವರು ಅವರ ಕೈಗೆ ಬಿಲ್ಲು ಕೊಟ್ಟರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ಅದೇ ದಿನ, ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ಅಂಗಳದಲ್ಲಿ ಹದಿನಾರು ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸ್‌ನ ಬೇರು ಆ ಅಂಗಳದಲ್ಲಿದೆ.

ಆ ಬೇರಿನ ಒಂದು ಟಿಸಿಲು ನಮ್ಮ ಕೃಷ್ಣೆಯ ದಂಡೆಯಲ್ಲೂ ಚಿಗುರಿತ್ತು. ಆಲಮಟ್ಟಿಯ ಹಿನ್ನೀರಿಗೆ ಮನೆಮಾರು ಬಿಟ್ಟುಕೊಟ್ಟು ನವನಗರಕ್ಕೆ ಬಂದವರಿಗೆ ಈ ನದಿಯ ಪರಿಚಯ ಹೇಳಬೇಕಾಗಿಲ್ಲ. ಆ ನೀರು ನಮ್ಮನ್ನು ತಲುಪುವ ಮುನ್ನ ಸಾಂಗಲಿ ಜಿಲ್ಲೆಯನ್ನು ಹಾದು ಬರುತ್ತದೆ. ಅಲ್ಲಿನ ಪೇಠ್ ಇಸ್ಲಾಂಪುರದಲ್ಲಿ 1944ರಲ್ಲಿ ಹುಟ್ಟಿದವರು ಮುರಳೀಕಾಂತ್ ಪೇಟ್ಕರ್. ಸೈನ್ಯ ಸೇರಿ ಬಾಕ್ಸರ್ ಆದರು. 1965ರ ಯುದ್ಧದಲ್ಲಿ ಒಂಬತ್ತು ಗುಂಡುಗಳು ಹೊಕ್ಕವು, ಒಂದು ಬೆನ್ನುಮೂಳೆಯಲ್ಲಿ ಉಳಿಯಿತು. ಸೊಂಟದ ಕೆಳಗೆ ಚಲನೆ ನಿಂತಿತು. ಮುಂಬೈಯ ನೌಕಾ ಆಸ್ಪತ್ರೆಯಲ್ಲಿ ವ್ಯಾಯಾಮವೆಂದು ನೀರಿಗಿಳಿಸಿದರು. 1968ರ ಟೆಲ್ ಅವೀವ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು ಆಡಿದ್ದು ಟೇಬಲ್ ಟೆನಿಸ್. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಭರ್ಜಿ ಎಸೆದರು, ಗಾಲಿಕುರ್ಚಿಯ ಸ್ಲಾಲಮ್ ಸ್ಪರ್ಧೆಯಲ್ಲಿ ಸೆಣಸಿದರು, 50 ಮೀಟರ್ ಈಜಿನಲ್ಲಿ 37.33 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಚಿನ್ನ ಅದು. ಹೀಗಿರುವಾಗ ದೇಶ ಅವರಿಗೆ ಪದ್ಮಶ್ರೀ ಕೊಟ್ಟದ್ದು ಯಾವಾಗ? 2018ರಲ್ಲಿ. ಅರ್ಜುನ ಪ್ರಶಸ್ತಿ ಕೈಸೇರಿದ್ದು 2025ರ ಜನವರಿಯಲ್ಲಿ, ಅವರಿಗೆ ಎಂಬತ್ತು ತುಂಬಿದ ಮೇಲೆ, ಅದೂ 2024ರಲ್ಲಿ ಅವರ ಬದುಕಿನ ಮೇಲೆ ಹಿಂದಿ ಸಿನಿಮಾ ಬಂದ ಬಳಿಕ. ಐವತ್ತಕ್ಕೂ ಹೆಚ್ಚು ವರ್ಷ ಸರಕಾರಗಳು ಬಂದವು, ಹೋದವು. ಎಲ್ಲ ಪಕ್ಷಗಳೂ ಆಳಿದವು. ಆದ್ದರಿಂದ ಈ ವಿಷಯದಲ್ಲಿ ಯಾವ ಪಕ್ಷದವರೂ ಇನ್ನೊಂದು ಪಕ್ಷದತ್ತ ಬೆರಳು ತೋರಿಸುವ ಅಗತ್ಯವಿಲ್ಲ.

ಈಗ ನಮ್ಮ ಮನೆಗಳತ್ತ ತಿರುಗೋಣ. ಇಳಕಲ್ಲಿನ ಕುಣಿಮಗ್ಗ ಕಂಡವರಿಗೆ ಗೊತ್ತು, ನೇಕಾರ ಕುಣಿಯಲ್ಲಿ ಕಾಲಿಳಿಬಿಟ್ಟು ತುಳಿಯದೆ ಸೀರೆ ಮುಂದೆ ಸಾಗುವುದಿಲ್ಲ. ಕಾಲು ಸೋತ ಮಗುವಿಗೆ ಅಲ್ಲಿ ಸಿಗುವ ಕೆಲಸ ಕಂಡಿಕೆ ಸುತ್ತುವುದು. ಒಳಕೋಣೆಯಲ್ಲಿ ಕುಳಿತು ದಿನವಿಡೀ ಕೈಚಕ್ರ ತಿರುಗಿಸುವುದು. ಇದು ಹೀನ ಕೆಲಸವೆಂದು ನಾವು ಹೇಳುತ್ತಿಲ್ಲ. ಆ ಮಗುವಿನ ದುಡಿಮೆಯಿಂದ ಮನೆಯ ಅನ್ನ ಬೆಂದಿದೆ. ಆದರೆ ಹತ್ತು ವರ್ಷ ಚಕ್ರ ತಿರುಗಿಸಿದ ಆ ತೋಳುಗಳನ್ನು ಯಾರಾದರೂ ಮುಟ್ಟಿ ನೋಡಿದ್ದಾರೆಯೇ? ಗುಂಡೆಸೆತದ ತರಬೇತುದಾರನೊಬ್ಬ ನೋಡಿದರೆ ಆತ ಬೇರೆಯೇ ಮಾತಾಡಿಯಾನು.

ಬಾದಾಮಿಯ ಕೆಂಪು ಬಂಡೆಗಳನ್ನು ಏರಲು ದೇಶ ವಿದೇಶಗಳಿಂದ ಹಗ್ಗ ಹೊತ್ತು ಬರುವವರನ್ನು ಅಲ್ಲಿನ ನಮ್ಮ ಅಂಗಡಿಕಾರರು ಪ್ರತಿ ಚಳಿಗಾಲ ನೋಡುತ್ತಾರೆ. ಬೆಂಗಳೂರಿನ ಮಣಿಕಂದನ್ ಕುಮಾರ್ ಎಂಬವರು ಪೋಲಿಯೊ ತಾಗಿದ ಕಾಲಿನಲ್ಲಿಯೇ ಬಂಡೆ ಏರಲು ಕಲಿತು 2012ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ನಾವಾದರೋ ಆ ಬಂಡೆಗಳ ನೆರಳಿನಲ್ಲಿ ಹುಟ್ಟಿದ ಅಂಥ ಮಗುವಿಗೆ ಮಸೀದಿಯ ಮೂರು ಮೆಟ್ಟಿಲು ಹತ್ತುವ ದಾರಿಯನ್ನೂ ಮಾಡಿಕೊಟ್ಟಿಲ್ಲ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳಲ್ಲಿ ಎಷ್ಟು ಮಸೀದಿಗಳು ಹೊಸದಾಗಿ ಎದ್ದಿವೆ! ಇಳಕಲ್ಲಿನ ಗ್ರಾನೈಟನ್ನೇ ಹಾಸಿದ್ದಾರೆ, ಕನ್ನಡಿಯಂತೆ ಹೊಳೆಯುತ್ತದೆ. ಅದರ ಮೇಲೆ ಊರುಗೋಲು ಜಾರುತ್ತದೆಂಬುದನ್ನು ಸಮಿತಿಯ ಸಭೆಯಲ್ಲಿ ಹೇಳಲು ಊರುಗೋಲಿನವನೊಬ್ಬ ಇರಬೇಕಿತ್ತು.

ಹೆಣ್ಣು ಮಗುವಾದರೆ ಮಾತು ಇನ್ನೂ ಬೇಗ ಮುಗಿಯುತ್ತದೆ. ‘ಒಳ್ಳೆಯ ಕಾಲಿರುವ ಹೆಣ್ಣು ಮಕ್ಕಳೇ ಆಡುವುದಿಲ್ಲ, ಇವಳೇನು ಆಡುವುದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಕೊಡುವವರಿಗಾಗಿ ಸಕೀನಾ ಖಾತೂನ್‌ರ ವಿಷಯ ಹೇಳಬೇಕು. ಪಶ್ಚಿಮ ಬಂಗಾಲದ ಬಡ ಕುಟುಂಬದ ಹೆಣ್ಣುಮಗಳು. ಬಾಲ್ಯದಲ್ಲೇ ಪೋಲಿಯೊ. ಶಸ್ತ್ರಚಿಕಿತ್ಸೆಯ ಬಳಿಕ ವೈದ್ಯರ ಸಲಹೆಯಂತೆ ಈಜಲು ಆರಂಭಿಸಿ, ಈಜಿನಲ್ಲಿ ಪದಕ ಗೆದ್ದರು. ಆಮೇಲೆ ಭಾರ ಎತ್ತುವ ಪವರ್‌ಲಿಫ್ಟಿಂಗ್‌ಗೆ ಹೊರಳಿ, 2010ರಲ್ಲಿ ತರಬೇತಿಗಾಗಿ ಬೆಂಗಳೂರಿಗೆ ಬಂದರು. ಅಲ್ಲಿ ಅವರಿಗೆ ಕಲಿಸಿದವರು ಫರ್ಮಾನ್ ಬಾಷಾ. ಬೆಂಗಳೂರಿನವರೇ, ಮಗುವಾಗಿದ್ದಾಗಲೇ ಪೋಲಿಯೊಗೆ ತುತ್ತಾದವರು, 2008ರ ಅರ್ಜುನ ಪ್ರಶಸ್ತಿ ಪುರಸ್ಕೃತರು, 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕಕ್ಕೆ ಒಂದೇ ಸ್ಥಾನ ಕಡಿಮೆಯಾಗಿ ನಾಲ್ಕನೆಯವರಾದವರು. ಸಕೀನಾ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು ಗೆದ್ದರು. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕೂಟದಲ್ಲಿ ಇಬ್ಬರೂ ಬೆಳ್ಳಿ ಪದಕ ತಂದರು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಸಕೀನಾ 93 ಕಿಲೋ ಎತ್ತಿ ಐದನೆಯವರಾದರು. ಅವರ ವಿಭಾಗ ದೇಹತೂಕ 50 ಕಿಲೋದ ಒಳಗಿನವರದು. ಗುರು-ಶಿಷ್ಯೆಯರು ಆ ನಡುವೆ ಮದುವೆಯಾಗಿದ್ದರು. ‘ಇವಳನ್ನು ಯಾರು ಕಟ್ಟಿಕೊಳ್ಳುತ್ತಾರೆ’ ಎಂದು ಹಗಲಿರುಳು ನರಳುವ ಮನೆಗಳವರು ಈ ಸಾಲನ್ನು ಇನ್ನೊಮ್ಮೆ ಓದಲಿ.

ಉಡುಪಿನ ಪ್ರಶ್ನೆ ಎತ್ತುವವರೂ ಇದ್ದಾರೆ. ಆ ಪ್ರಶ್ನೆ ಪ್ರಾಮಾಣಿಕವಾಗಿದ್ದರೆ ಉತ್ತರವೂ ಇದೆ. ಈಜಿಪ್ಟಿನ ಫಾತಿಮಾ ಉಮರ್ ತಲೆವಸ್ತ್ರ ಧರಿಸಿಯೇ ಭಾರ ಎತ್ತಿ 2000ದಿಂದ 2012ರವರೆಗೆ ನಾಲ್ಕು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಸತತ ಚಿನ್ನ ಗೆದ್ದರು. ಇರಾನಿನ ಝಹ್ರಾ ನೆಮತಿ ಟೇಕ್ವಾಂಡೋದಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದಿದ್ದ ಹುಡುಗಿ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದ ಮೇಲೆ ಬಿಲ್ಲು ಹಿಡಿದರು. 2012ರಲ್ಲಿ ಪ್ಯಾರಾಲಿಂಪಿಕ್ ಚಿನ್ನ. 2016ರಲ್ಲಿ ಕಾಲು ಗಟ್ಟಿಯಿರುವವರ ಒಲಿಂಪಿಕ್ಸ್‌ನಲ್ಲಿಯೇ ಇರಾನಿನ ಧ್ವಜ ಹಿಡಿದು, ಗಾಲಿಕುರ್ಚಿಯಲ್ಲಿ, ತಂಡದ ಮುಂದೆ ಸಾಗಿದರು. ಇವರ ಉಡುಪು ಯಾರಿಗೂ ಅಡ್ಡಿಯಾಗಲಿಲ್ಲ. ನಿಜವಾಗಿ ನಮ್ಮಲ್ಲಿ ಅಡ್ಡಿಯಾಗಿರುವುದು ಉಡುಪಲ್ಲ, ‘ಜನರೇನೆಂದಾರು’ ಎಂಬ ಭಯ. ಮನೆಯಲ್ಲಿ ಅಂಥ ಮಗುವಿದೆಯೆಂದು ತಿಳಿದರೆ ಅದರ ಅಕ್ಕನಿಗೆ ಸಂಬಂಧ ಕೂಡಿಬರುವುದಿಲ್ಲವೆಂಬ ಲೆಕ್ಕಾಚಾರ. ಹೆಣ್ಣು ನೋಡಲು ಬಂದವರ ಮುಂದೆ ತಮ್ಮನನ್ನು ಹಿಂದಿನ ಕೋಣೆಗೆ ಸರಿಸಿದ ಮನೆಯಲ್ಲಿ ನಾವೇ ಚಹಾ ಕುಡಿದು ಬಂದಿದ್ದೇವೆ. ಕೋಣೆಯ ಬಾಗಿಲು ಒಳಗಿನಿಂದ ತಟ್ಟಿದ ಸದ್ದು ಎಲ್ಲರಿಗೂ ಕೇಳಿಸಿತು, ಯಾರೂ ಕೇಳಿಸಿಕೊಳ್ಳಲಿಲ್ಲ.

ಪೋಲಿಯೊ ಹೋಯಿತಲ್ಲ, ಇನ್ನೇಕೆ ಈ ಮಾತು ಎಂದು ಯಾರಾದರೂ ಕೇಳಬಹುದು. ದೇಶದ ಕೊನೆಯ ಪೋಲಿಯೊ ಪ್ರಕರಣ ಹೌರಾದಲ್ಲಿ 2011ರ ಜನವರಿಯಲ್ಲಿ ವರದಿಯಾಯಿತು; 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತವೆಂದು ಪ್ರಮಾಣೀಕರಿಸಲ್ಪಟ್ಟಿತು. ಎರಡು ಹನಿ ಲಸಿಕೆಯ ಬಗ್ಗೆ ಉತ್ತರ ಭಾರತದ ನಮ್ಮ ಮೊಹಲ್ಲಾಗಳಲ್ಲಿ ಎಂಥೆಂಥ ವದಂತಿಗಳು ಹಬ್ಬಿದ್ದವು, ಅವನ್ನು ಅಳಿಸಲು ಉಲಮಾಗಳು ಮನೆ ಮನೆಗೆ ಹೋಗಬೇಕಾಯಿತು ಎಂಬುದೂ ನೆನಪಿರಲಿ. ಪೋಲಿಯೊ ಹೋಗಿದೆ, ನಿಜ. ಹೆರಿಗೆಯ ವೇಳೆ ಉಸಿರುಗಟ್ಟಿ ಮಿದುಳಿಗೆ ಪೆಟ್ಟಾದ ಮಕ್ಕಳು ಹೋಗಿಲ್ಲ. ಕಲ್ಲು ಗಣಿಯಲ್ಲಿ ಕಾಲು ಕಳೆದುಕೊಂಡವರು, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು ಹೋಗಿಲ್ಲ. ಸೋದರಿಕೆಯ ಮದುವೆಗಳಿಂದ ಅನುವಂಶೀಯ ದೋಷಗಳ ಅಪಾಯ ಹೆಚ್ಚುತ್ತದೆಂದು ವೈದ್ಯರು ಹೇಳುತ್ತಲೇ ಇದ್ದಾರೆ. ನಮ್ಮ ಭಾಗದಲ್ಲಿ ಎಲ್ಲ ಸಮುದಾಯಗಳೂ ಅದನ್ನು ಕೇಳುತ್ತಲೇ ಇವೆ, ಮಾಡುತ್ತಲೂ ಇವೆ.

ಸರಕಾರದ ವಿಷಯವೆಂದರೆ, ಕಾನೂನಿಗೇನೂ ಕೊರತೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಸರಕಾರಿ ಉದ್ಯೋಗದಲ್ಲಿ ಕನಿಷ್ಠ ಶೇ. 4, ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ. 5 ಮೀಸಲಾತಿ ಕೊಡುತ್ತದೆ. ಅದರ 30ನೇ ಸೆಕ್ಷನ್ ಕ್ರೀಡೆಯ ಬಗ್ಗೆಯೇ ಇದೆ. ಮೈದಾನ, ಸಲಕರಣೆ, ತರಬೇತಿ ಎಲ್ಲವೂ ಅಂಗವಿಕಲರಿಗೆ ಒದಗಬೇಕೆನ್ನುತ್ತದೆ. ಗ್ರಾಮ ಪಂಚಾಯತಿಗೊಬ್ಬ ಪುನರ್ವಸತಿ ಕಾರ್ಯಕರ್ತನನ್ನು, ಪಟ್ಟಣದಲ್ಲಿ ನಗರ ಪುನರ್ವಸತಿ ಕಾರ್ಯಕರ್ತನನ್ನು ನೇಮಿಸುವ ಯೋಜನೆ ನಮ್ಮ ರಾಜ್ಯದಲ್ಲಿದೆ. ಮೊದಲ ಖೇಲೋ ಇಂಡಿಯಾ ಪ್ಯಾರಾ ಕೂಟ 2023ರ ಡಿಸೆಂಬರ್‌ನಲ್ಲಿ ದಿಲ್ಲಿಯಲ್ಲಿ ನಡೆಯಿತು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತ 7 ಚಿನ್ನ ಸೇರಿ 29 ಪದಕ ಗೆದ್ದಿತು. ಗೆದ್ದು ಬಂದವರೊಡನೆ ಭಾವಚಿತ್ರ ತೆಗೆಸಿಕೊಳ್ಳಲು ನಾಯಕರು ಸಾಲುಗಟ್ಟುತ್ತಾರೆ. ಹೆಸರುಗಳನ್ನು ಬದಲಿಸುವುದರಲ್ಲೂ ಅವರು ಚುರುಕು: ಅಂಗವಿಕಲರು ವಿಕಲಚೇತನರಾದರು, ವಿಶೇಷ ಚೇತನರಾದರು, 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರ ರೇಡಿಯೋ ಭಾಷಣದ ಬಳಿಕ ದಿವ್ಯಾಂಗರೂ ಆದರು. ತಾಲೂಕು ಮೈದಾನದ ಶೌಚಾಲಯದ ಬಾಗಿಲು ಮಾತ್ರ ಗಾಲಿಕುರ್ಚಿ ಹಿಡಿಯದಷ್ಟೇ ಅಗಲ ಉಳಿದಿದೆ.

ಆದರೆ ಸರಕಾರವನ್ನು ಬೈದು ಕೈತೊಳೆದುಕೊಳ್ಳುವುದು ನಮಗೆ ರೂಢಿಯಾಗಿಬಿಟ್ಟಿದೆ. ನಮ್ಮ ಸಂಘಟನೆಗಳು ರಮಝಾನಿನಲ್ಲಿ ಗಾಲಿಕುರ್ಚಿ ವಿತರಿಸುತ್ತವೆ. ಒಳ್ಳೆಯದೇ. ಶಾಮಿಯಾನ, ಫ್ಲೆಕ್ಸ್, ಕುರ್ಚಿಯ ಹಿಂದೆ ನಿಂತ ಎಂಟು ಮಂದಿ ಗಣ್ಯರು. ಕುರ್ಚಿ ಮನೆ ಸೇರುತ್ತದೆ, ಮನೆಯ ಹೊಸ್ತಿಲು ದಾಟುವುದಿಲ್ಲ. ಒಂದು ಗಾಲಿ ಮುರಿದರೆ ಅದರ ಮೇಲೆ ಒಗೆದ ಬಟ್ಟೆ ಒಣಗುತ್ತದೆ. ಕುರ್ಚಿ ಪಡೆದ ಹುಡುಗಿ ಆಮೇಲೆ ಎಲ್ಲಿಗೆ ಹೋದಳೆಂದು ಮುಂದಿನ ರಮಝಾನ್‌ವರೆಗೆ ಯಾರೂ ವಿಚಾರಿಸುವುದಿಲ್ಲ. ಮಾಲತಿ ಹೊಳ್ಳರು ಪದಕಗಳಿಂದ ಬಂದ ಹೆಸರನ್ನು ಏನು ಮಾಡಿದರು ನೋಡಿರಿ. ಗೆಳೆಯರೊಂದಿಗೆ ಸೇರಿ ಬೆಂಗಳೂರಿನಲ್ಲಿ ಮಾತೃ ಫೌಂಡೇಶನ್ ಕಟ್ಟಿದರು. ಹಳ್ಳಿಗಾಡಿನ ಅಂಗವಿಕಲ ಮಕ್ಕಳನ್ನು ಕರೆತಂದು ಇರಿಸಿಕೊಂಡು ಓದಿಸಿದರು. ಚೆನ್ನೈಯಲ್ಲಿ ತಮಗೆ ಸಿಕ್ಕಿದ್ದೇನೋ ಅದನ್ನೇ ಕೊಟ್ಟರು: ಇರಲು ಒಂದು ಸೂರು, ಕಲಿಯಲು ಒಂದು ಶಾಲೆ, ಸುತ್ತಲೂ ತನ್ನಂಥವರು.

ಕಳೆದ ಚಳಿಗಾಲದಲ್ಲಿ ಹುನಗುಂದದ ಒಂದು ಮದುವೆಯಲ್ಲಿ ಆ ನಮ್ಮ ಹಳೆಯ ಸಹಪಾಠಿ ಸಿಕ್ಕಿದ. ಮೊಬೈಲ್ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದಾನೆ, ಮೂರು ಗಾಲಿಯ ಸ್ಕೂಟರ್ ಓಡಿಸುತ್ತಾನೆ, ಇಬ್ಬರು ಮಕ್ಕಳು. ಊಟದ ಬಳಿಕ ಪಂಡಾಲಿನ ಮೂಲೆಯಲ್ಲಿ ಕುಳಿತು ಹಳೆಯದನ್ನು ಮಾತಾಡಿದೆವು. ಚಪ್ಪಲಿಯ ವಿಷಯ ನಾವಾಗಿಯೇ ಎತ್ತಿದೆವು. ಬಹಳ ದಿನಗಳಿಂದ ಎದೆಯಲ್ಲಿತ್ತು. ಆತ ನಕ್ಕು, “ಈಗ ನೆನಪಾತೇನು ಮೌಲಾನಾ?” ಎಂದ. ಆ ಮೇಲೆ ನಮ್ಮ ತಂಡದಲ್ಲಿ ಯಾರು ಎಷ್ಟು ರನ್ ಹೊಡೆಯುತ್ತಿದ್ದರು, ಯಾರು ಔಟಾದ ಮೇಲೂ ಬ್ಯಾಟು ಬಿಡುತ್ತಿರಲಿಲ್ಲ ಎಂಬುದನ್ನೆಲ್ಲ ಒಂದೂ ತಪ್ಪದೆ ಹೇಳಿದ. ನಮ್ಮ ಹೆಸರೂ ಆ ಎರಡನೇ ಪಟ್ಟಿಯಲ್ಲಿತ್ತು.

ಹೊರಡುವಾಗ ಆತ ಒಂದು ಮಾತು ಕೇಳಿದ. ಇಳಕಲ್ಲಿನಲ್ಲಿರುವ ಆತನ ತಂಗಿಗೆ ಹನ್ನೆರಡು ವರ್ಷದ ಮಗಳಿದ್ದಾಳೆ. ನಡೆಯಲಾರಳು. ಮನೆಯಲ್ಲಿ ನೀರು ತುಂಬಿದ ಕೊಡವನ್ನು ಕುಳಿತಲ್ಲಿಂದಲೇ ಒಂದು ಕೈಯಲ್ಲಿ ಎತ್ತಿ ಕಟ್ಟೆಯ ಮೇಲಿಡುತ್ತಾಳೆ. “ಈ ಹುಡುಗೀನ ಎಲ್ಲಿ ಕರಕೊಂಡು ಹೋಗಬೇಕು, ಯಾರನ್ನ ಕೇಳಬೇಕು? ನೀನು ಪತ್ರಿಕೆಯಾಂವ, ನಿನಗ ಗೊತ್ತಿರತೈತಿ” ಎಂದ. ನಮಗೆ ಗೊತ್ತಿರಲಿಲ್ಲ. ಮರುವಾರ ನವನಗರದಲ್ಲಿ ಎರಡು ಕಚೇರಿಗಳ ಮೆಟ್ಟಿಲು ಹತ್ತಿದೆವು. ಒಂದರಲ್ಲಿ ಗುರುತಿನ ಚೀಟಿ ಮಾಡಿಸಿಕೊಂಡು ಬರಲು ಹೇಳಿದರು, ಇನ್ನೊಂದರಲ್ಲಿ ಆಯ್ಕೆಯ ದಿನ ಪ್ರಕಟವಾದಾಗ ತಿಳಿಸುವುದಾಗಿ ಹೇಳಿ ಫೋನ್ ಸಂಖ್ಯೆ ಬರೆದುಕೊಂಡರು. ಚೀಟಿಯ ಅರ್ಜಿ ಹಾಕಿಯಾಗಿದೆ. ಹುಡುಗಿಯ ತಾಯಿ ಇನ್ನೂ ಒಪ್ಪಿಲ್ಲ. ದೊಡ್ಡ ಮಗಳ ನಿಕಾಹ್ ಮುಗಿಯಲಿ ಎನ್ನುತ್ತಾಳೆ. ಮುಂದಿನ ಶುಕ್ರವಾರ ಜುಮಾ ಮುಗಿಸಿ ನಾವಿಬ್ಬರೂ ಅವಳ ಮನೆಗೆ ಹೋಗುವವರಿದ್ದೇವೆ.